ಸೈಕಲ್‌ಗೂ ಆಫೀಸಿಗೂ ಒಂದೇ ಶೂ ಸಾಕಾ?

ಪ್ರಶ್ನೆ: ಮೇಡಂ, ನಾನು ಮೈಸೂರಲ್ಲಿ ದಿನಾ 5 ಕಿ.ಮೀ. ಸೈಕಲ್ ತುಳ್ಕೊಂಡು ಆಫೀಸಿಗೆ ಹೋಗ್ತೀನಿ. ರನ್ನಿಂಗ್ ಶೂ ಹಾಕಿದ್ರೆ ಪಾದ ನೋಯುತ್ತೆ, ಕುರ್ತಾ ಜೀನ್ಸ್‌ಗೆ ಚೆನ್ನಾಗೂ ಕಾಣಲ್ಲ. ಎರಡಕ್ಕೂ ಆಗೋ ಸ್ನೀಕರ್ ಯಾವ್ದು?
– ಓದುಗರು, ಮೈಸೂರು

ಉತ್ತರ: ರನ್ನಿಂಗ್ ಶೂನಲ್ಲಿ ಮೆತ್ತಗಿನ ಫೋಮ್ ಇರುತ್ತಲ್ಲ, ನೀವು ಪೆಡಲ್ ಒತ್ತಿದಾಗ ಅದು ಕುಗ್ಗುತ್ತೆ, ಒಂದಷ್ಟು ಶಕ್ತಿ ಅಲ್ಲೇ ಹೋಗುತ್ತೆ, ಪಾದ ಪೆಡಲ್ ಮೇಲೆ ಬಾಗಿ ಬಾಗಿ ನೋವೂ ಬರುತ್ತೆ. ನಿಮಗೆ ಬೇಕಾಗಿರೋದು ಸಮತಟ್ಟಾದ, ಸ್ವಲ್ಪ ಗಟ್ಟಿ ರಬ್ಬರ್ ಸೋಲ್. ವ್ಯಾನ್ಸ್ ಬ್ರ್ಯಾಂಡ್ ಥರದ ಸ್ಕೇಟ್ ಶೂಗಳನ್ನ (ಸ್ಕೇಟ್‌ಬೋರ್ಡ್ ಆಡೋರು ಹಾಕೋ ಶೂ) ಬಿಎಂಎಕ್ಸ್, ಅಂದ್ರೆ ಕಸರತ್ತು, ರೇಸ್ ಮಾಡೋ ಚಿಕ್ಕ ಸೈಕಲ್‌ನವರು ಇಷ್ಟಪಡೋದು ಇದಕ್ಕೇ, ಪೆಡಲ್ ಮೇಲೆ ಹಿಡಿತ ಚೆನ್ನಾಗಿರುತ್ತೆ. ಅದೇ ಬ್ರ್ಯಾಂಡ್ ಬೇಕು ಅಂತೇನಿಲ್ಲ, ಅಂಗಡೀಲಿ ಶೂನ ಎರಡು ಕೈಲಿ ಹಿಡಿದು ಬಗ್ಗಿಸಿ ನೋಡಿ, ಬೆರಳಿನ ಬುಡದ ಹತ್ರ ಬಗ್ಗಬೇಕು, ನಡುವೆ ಮಡಚ್ಕೊಂಡ್ರೆ ಬೇಡ.

ಸಂಜೆ ಹೊತ್ತು ಹೋಗಿ ಕೊಳ್ಳಿ, ದಿನವಿಡೀ ಓಡಾಡಿ ಪಾದ ಸ್ವಲ್ಪ ಊದಿರುತ್ತೆ, ಸರಿಯಾದ ಸೈಜ್ ಸಿಗುತ್ತೆ. ಹೆಂಗಸರ ಸೈಜಲ್ಲಿ ಮುಂದೆ ಬಿಗಿ ಅನ್ಸಿದ್ರೆ ಗಂಡಸರ ಜೋಡೀನೂ ಹಾಕಿ ನೋಡಿ, ನಾಚಿಕೆ ಬೇಡ.

ಲೇಸ್ ಬಗ್ಗೆ ಮಾತ್ರ ದಯವಿಟ್ಟು ಹುಷಾರು. ಚೈನ್ ಇರೋದು ಬಲಗಡೆ, ಆ ಕಾಲಿನ ಲೇಸ್ ತುದಿನ ಒಳಗೆ ಸಿಗಿಸ್ಕೊಳ್ಳಿ, ಪ್ಯಾಂಟ್ ಅಂಚನ್ನೂ ಮಡಚಿ, ಸಿಕ್ಕಿಹಾಕ್ಕೊಂಡ್ರೆ ಬೀಳ್ತೀರಾ. ಮಳೇಲಿ ಕ್ಯಾನ್ವಾಸ್ ನೆಂದ್ರೆ ಒಳಗೆ ಪೇಪರ್ ತುರುಕಿ ನೆರಳಲ್ಲಿ ಒಣಗ್ಸಿ.