ಕೇಸು ಸೋತ ಮೇಲೆ ಹಳೇ ಪತ್ರ ಸಿಕ್ಕಿದೆ. ಅದೇ ಕೋರ್ಟಿಗೆ ರಿವ್ಯೂ ಹಾಕಬಹುದಾ?

ಹಾಕಬಹುದು. ತೀರ್ಪು ಕೊಟ್ಟ ಕೋರ್ಟೇ ಅದನ್ನು ಮತ್ತೆ ನೋಡಲಿ ಅಂತ ಕೇಳುವ ಈ ಅರ್ಜಿಯನ್ನು ನಾನೂ ಹಾಕಿದ್ದೆ. ಹದಿನಾಲ್ಕು ತಿಂಗಳು ಅಲೆದು, ವಜಾ ಮಾಡಿಸಿಕೊಂಡು ಬಂದೆ.

ನಮ್ಮದು ದಾಯಾದಿಗಳ ಜಗಳ. ದೊಡ್ಡಪ್ಪನ ಮಕ್ಕಳು ಜಮೀನಿನಲ್ಲಿ ಅರ್ಧ ಪಾಲು ಕೇಳಿ ದಾವಾ ಹಾಕಿದ್ದರು. ತಾತನ ಕಾಲದಲ್ಲೇ ಪಾಲಾಗಿದೆ ಅಂತ ನಾವು. ಪತ್ರ ಇರಲಿಲ್ಲ, ಸೋತೆವು. ತೀರ್ಪಾಗಿ ಹತ್ತು ದಿನಕ್ಕೆ ಅಟ್ಟದ ಮೇಲಿನ ಟ್ರಂಕಿನಲ್ಲಿ, ಕಂದಾಯ ರಸೀದಿಗಳ ಕಟ್ಟಿನ ನಡುವೆ, 1968ರ ಪಾಲುಪಟ್ಟಿ ಸಿಕ್ಕಿತು. ರಿಜಿಸ್ಟರ್ ಆದದ್ದು! ಅಮ್ಮ ಅದನ್ನು ದೇವರ ಮುಂದೆ ಇಟ್ಟು ಕೈಮುಗಿದಳು. ನಾನು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಓಡಿ ನಕಲಿಗೆ ಅರ್ಜಿ ಕೊಟ್ಟೆ.

ಆ ನಕಲೇ ನಮಗೆ ಮುಳುವಾಯಿತು. ಅರ್ಜಿ ಕೊಟ್ಟ ತಾರೀಖು ಅದರ ಮೇಲೇ ಇರುತ್ತದೆ. ಎದುರು ಪಾರ್ಟಿ ವಕೀಲರು ಅದರ ಮೇಲೆ ಬೆರಳಿಟ್ಟು, "ಶುಲ್ಕ ಕಟ್ಟಿದರೆ ಯಾರಿಗೆ ಬೇಕಾದರೂ ಸಿಗುವ ಕಾಗದ. ಕೇಸು ನಡೆದ ಆರು ವರ್ಷ ಇವರು ಏನು ಮಾಡುತ್ತಿದ್ದರು?" ಅಂದರು. ಆಮೇಲೆ ನನ್ನದೇ ಪಾಟೀ ಸವಾಲಿನ (ಸಾಕ್ಷಿ ಹೇಳುವಾಗ ಎದುರು ವಕೀಲರು ಕೇಳಿದ ಪ್ರಶ್ನೆ, ಕೊಟ್ಟ ಉತ್ತರಗಳ) ಪುಟ ತೆಗೆದರು. "ಪಾಲುಪಟ್ಟಿ ಇದೆಯೇ?" ಅಂತ ಕೇಳಿದ್ದಕ್ಕೆ ನಾನು ಕೊಟ್ಟ ಉತ್ತರ: "ಇರಬಹುದು, ಹುಡುಕಿಲ್ಲ."

ಹುಡುಕಿಲ್ಲ! ನಿಜ ಹೇಳಿದ್ದೆ, ಸುಳ್ಳೇನೂ ಅಲ್ಲ. ಆದರೆ ಸಿವಿಲ್ ಕೇಸು ನಡೆಸುವ ಕಾನೂನಾದ ಸಿಪಿಸಿಯಲ್ಲಿ ರಿವ್ಯೂ ಬಗ್ಗೆ ಇರುವ ಆರ್ಡರ್ 47 ಕೇಳುವುದೇ ಅದನ್ನು. ಆ ದಾಖಲೆ ನಿಮಗೆ ಗೊತ್ತೇ ಇರಲಿಲ್ಲ, ಇಲ್ಲವೇ ಶ್ರದ್ಧೆಯಿಂದ ಹುಡುಕಿದರೂ ಆಗ ಹಾಜರುಪಡಿಸಲು ಆಗಲಿಲ್ಲ ಅಂತ ನೀವು ಗಟ್ಟಿಯಾಗಿ ಸಾಬೀತು ಮಾಡಬೇಕು. ಗೊತ್ತಿತ್ತು, ಹುಡುಕಲಿಲ್ಲ ಅಂತ ನಾನೇ ಸಹಿ ಹಾಕಿ ಕೊಟ್ಟಿದ್ದೆ. ಆ ಸಾಲು ಬರೆಸುವ ದಿನ ಬಸ್ಸಿಗೆ ಹೊತ್ತಾಗುತ್ತಿದೆ ಅನ್ನೋದೊಂದೇ ನನ್ನ ತಲೆಯಲ್ಲಿತ್ತು. ಆ ವಾರವೇ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಒಂದು ಅರ್ಜಿ ಕೊಟ್ಟಿದ್ದರೆ, "ಸಿಗಲಿಲ್ಲ" ಅನ್ನೋ ಹಿಂಬರಹ (ಆಫೀಸಿನ ಲಿಖಿತ ಉತ್ತರ) ಬಂದಿದ್ದರೂ ಸಾಕಿತ್ತು.

ಅದಕ್ಕೇ ಹೇಳುತ್ತಿದ್ದೇನೆ: ನಿಮ್ಮದು "ಹೊಸ" ದಾಖಲೆ ಅಲ್ಲ. ನಿಮ್ಮ ಕೈಗೆ ಈಗ ಬಂದಿದೆ, ಅಷ್ಟೇ. ಎರಡೂ ಒಂದೇ ಅಂತ ನಾನೂ ಅಂದುಕೊಂಡಿದ್ದೆ.

ರಿವ್ಯೂ ವಜಾ ಆದರೆ ಆ ಆದೇಶದ ಮೇಲೆ ಅಪೀಲಿಲ್ಲ, ಇನ್ನೊಂದು ರಿವ್ಯೂ ಕೂಡ ಇಲ್ಲ. ನಾನಾಗಿದ್ದರೆ ಈಗ ಮೂಲ ತೀರ್ಪಿನ ಮೇಲೆಯೇ ಮೇಲಿನ ಕೋರ್ಟಿಗೆ ನೇರವಾಗಿ ಅಪೀಲು ಹಾಕಿ, ಅಪೀಲಿನಲ್ಲಿ ಹೆಚ್ಚುವರಿ ಸಾಕ್ಷ್ಯ ಕೊಡುವ ಬಗ್ಗೆ ಸಿಪಿಸಿಯಲ್ಲಿರುವ ಆರ್ಡರ್ 41ರ ರೂಲ್ 27ರ ಕೆಳಗೆ ಪತ್ರ ಹಾಜರುಪಡಿಸಲು ಅರ್ಜಿ ಕೊಡುತ್ತೇನೆ. ಅಲ್ಲೂ ಯಾಕೆ ತಡ ಅಂತ ಕೇಳುತ್ತಾರೆ. ಆದರೆ ಸರಿಯಾದ ತೀರ್ಪಿಗೆ ಈ ಪತ್ರ ತನಗೇ ಬೇಕು ಅಂತ ಕೋರ್ಟಿಗೆ ಅನ್ನಿಸಿದರೆ ತೆಗೆದುಕೊಳ್ಳಬಹುದು. ಆ ಒಂದು ಬಾಗಿಲು ರಿವ್ಯೂನಲ್ಲಿ ಇಲ್ಲ. ನಮ್ಮ ಪಾಲುಪಟ್ಟಿ ಕೊನೆಗೆ ಒಳಗೆ ಹೋಗಿದ್ದು ಅಲ್ಲಿಂದಲೇ. ಎದುರು ಪಾರ್ಟಿಗೆ ಖರ್ಚು ಕಟ್ಟಿದ್ದು ಬೇರೆ ಮಾತು. ಅಪೀಲು ತಡವಾಗಿದ್ದನ್ನು ಮನ್ನಿಸಿ ಅಂತ ಬೇಡುವುದರಲ್ಲೇ ಅದಕ್ಕೆ ಮೊದಲು ಒಂದು ವರ್ಷ ಕಳೆದಿತ್ತು.

ವಕೀಲರ ಹತ್ತಿರ ಹೋಗುವ ಮೊದಲು ನಿಮ್ಮ ಪಾಟೀ ಸವಾಲಿನ ನಕಲು ತೆಗೆದು ಒಂದ್ಸಲ ಓದಿ. ಮತ್ತೆ, ತೀರ್ಪು ಯಾವತ್ತು ಬಂತು ಅಂತ ನೀವು ಬರೆದೇ ಇಲ್ಲ. ರಿವ್ಯೂಗೂ 30 ದಿನ, ಜಿಲ್ಲಾ ಕೋರ್ಟಿನ ಅಪೀಲಿಗೂ 30 ದಿನವೇ. ಮುಗಿದಿಲ್ಲ ತಾನೆ?