ಕಾರಿನ ಸ್ಕ್ಯಾನರ್ ಬಳಸಿ ಯಾವ ಭಾಗ ಕೆಟ್ಟಿದೆಯೆಂದು ತಿಳಿಯುವುದು ಹೇಗೆ?

ಎಂಜಿನ್ ದೀಪ ಹತ್ತಿದೆ, ಕೈಯಲ್ಲಿ ಹಿಡಿಯುವ ಸಣ್ಣ ಸ್ಕ್ಯಾನರ್ ಕೊಂಡಿದ್ದೇನೆ, ಯಾವ ಭಾಗ ಬದಲಿಸಬೇಕೆಂದು ಅದರಿಂದ ತಿಳಿದುಕೊಂಡು ದೀಪ ಆರಿಸುವುದು ಹೇಗೆ, ಇದಕ್ಕೆ ಇನ್ನೂ ದುಬಾರಿಯದು ಬೇಕೇ ಎಂದು ಕೇಳಿದ್ದೀರಿ. ಆರು ವರ್ಷಗಳ ಹಿಂದೆ ನಾನೂ ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಇದನ್ನೇ ಕೇಳಿದ್ದೆ. ಆದರೆ ಯಾರಾದರೂ ಉತ್ತರಿಸುವ ಮೊದಲೇ ಒಂದು ಬಟನ್ ಒತ್ತಿಬಿಟ್ಟೆ. ಅದರಿಂದಾಗಿ ಕೆಡದೇ ಇದ್ದ ಎರಡು ಸೆನ್ಸರ್‌ಗಳನ್ನು ಬಿಚ್ಚಿ ಹೊಸದು ಹಾಕಿಸಿದೆ, ಏಳು ವಾರ ಒದ್ದಾಡಿದೆ. ಆದ್ದರಿಂದ ನೀವು ಇನ್ನೂ ದೋಷದ ದಾಖಲೆ ಅಳಿಸುವ ‘ಎರೇಸ್’ ಒತ್ತಿಲ್ಲವಾದರೆ, ಇದನ್ನು ಓದಿ ಮುಗಿಸುವವರೆಗಾದರೂ ದಯವಿಟ್ಟು ಒತ್ತಬೇಡಿ.

ಸ್ಟಿಯರಿಂಗ್‌ನ ಕೆಳಗೆ, ಮೊಣಕಾಲಿನ ಮೇಲ್ಭಾಗದಲ್ಲಿ, ಸಾಮಾನ್ಯವಾಗಿ 16 ಪಿನ್‌ಗಳ ಸಾಕೆಟ್ ಇರುತ್ತದೆ. ಅಂದು ಬಗ್ಗಿ, ಕೈಯಿಂದ ತಡವಿ, ಅದನ್ನು ಹುಡುಕಿ ಸ್ಕ್ಯಾನರಿನ ತುದಿಯನ್ನು ಚುಚ್ಚಿದಾಗ ಕೀಲಿ ತಿರುಗಿಸುವ ಮೊದಲೇ ಪರದೆ ಬೆಳಗಿತು. 16ನೆಯ ಪಿನ್‌ಗೆ ಬ್ಯಾಟರಿಯಿಂದ ನೇರವಾಗಿ ವಿದ್ಯುತ್ ಬರುತ್ತದೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಎಂಜಿನ್ ಚಾಲೂ ಮಾಡದೆ ಕೀಲಿಯನ್ನು ಆನ್ ಸ್ಥಾನಕ್ಕೆ ತಿರುಗಿಸಿ ಕೋಡ್, ಅಂದರೆ ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಸಂಕೇತ, ಓದಿದೆ. ಪಿ0171, ಅಂದರೆ ‘ಸಿಸ್ಟಮ್ ಟೂ ಲೀನ್, ಬ್ಯಾಂಕ್ 1’. ಮೊದಲನೆಯ ಸಿಲಿಂಡರ್ ಇರುವ ಪಕ್ಕದಲ್ಲಿ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆಯಾಗಿದೆ ಎಂದು ಅದರ ಅರ್ಥ. ಅಂತರ್ಜಾಲದಲ್ಲಿ ಹುಡುಕಿದೆ, ಹಲವರು ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರ್ ಕೆಟ್ಟಿದೆ ಎಂದಿದ್ದರು, ನಂಬಿದೆ. ಕೋಡ್ ಸಿಕ್ಕಿತಲ್ಲ, ಇನ್ನು ದೀಪ ಏಕೆ ಉರಿಯುತ್ತಿರಬೇಕು ಎಂದುಕೊಂಡು ಮೆನುವಿನಲ್ಲಿ ಕೆಳಗಿಳಿದು ಎರೇಸ್ ಒತ್ತಿದೆ. ಖಚಿತವೇ ಎಂದು ಅದು ಕೇಳಿತು, ಹೌದೆಂದೆ. ದೀಪ ಆರಿತು. ಹೊಸ ಆಕ್ಸಿಜನ್ ಸೆನ್ಸರನ್ನೂ ಹಾಕಿಸಿದೆ.

ಈ ತಪ್ಪನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಅಳಿಸುವುದೆಂದರೆ ದೀಪ ಆರಿಸುವುದು ಎಂದಷ್ಟೇ ನಾನು ತಿಳಿದಿದ್ದೆ, ನೀವೂ ಹಾಗೆಯೇ ತಿಳಿದಂತೆ ಕಾಣುತ್ತದೆ. ಕಾರಿನ ಕಂಪ್ಯೂಟರ್, ಅಂದರೆ ಇಸಿಯು, ಕೋಡ್ ದಾಖಲಿಸುವಾಗ ಆ ಕ್ಷಣದ ಸ್ಥಿತಿಯನ್ನೂ ಜೊತೆಗೆ ಬರೆದಿಡುತ್ತದೆ: ಎಂಜಿನ್ ಎಷ್ಟು ಬಿಸಿಯಾಗಿತ್ತು, ಎಷ್ಟು ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಷ್ಟು ಸುತ್ತು) ತಿರುಗುತ್ತಿತ್ತು, ಕಾರು ಓಡುತ್ತಿತ್ತೋ ನಿಂತಿತ್ತೋ, ಎಂಜಿನ್ ಮೇಲೆ ಎಷ್ಟು ಹೊರೆ ಇತ್ತು, ಪೆಟ್ರೋಲನ್ನು ಎಷ್ಟು ಹೆಚ್ಚಿಸಿ ಕೊಡಲಾಗುತ್ತಿತ್ತು. ಇದನ್ನು ಫ್ರೀಜ್ ಫ್ರೇಮ್ ಎನ್ನುತ್ತಾರೆ. ಎರೇಸ್ ಒತ್ತಿದಾಗ ಕೋಡ್‌ನ ಜೊತೆಗೆ ಇದೂ ಹೋಗುತ್ತದೆ, ಮತ್ತೆ ಸಿಗುವುದಿಲ್ಲ. ಎರಡನೆಯದಾಗಿ, ಎಂಜಿನ್ ತಿಂಗಳುಗಟ್ಟಲೆ ಓಡಿ ಕಲಿತ ಇಂಧನದ ತಿದ್ದುಪಡಿ, ಅಂದರೆ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್, ಬಹಳಷ್ಟು ಕಾರುಗಳಲ್ಲಿ ಸೊನ್ನೆಗೆ ಮರಳುತ್ತದೆ. ಮೂರನೆಯದಾಗಿ, ಹೊಗೆಯನ್ನು ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರ್, ಆಕ್ಸಿಜನ್ ಸೆನ್ಸರ್ ಮೊದಲಾದವನ್ನು ಇಸಿಯು ತಾನೇ ಪರೀಕ್ಷಿಸಿಕೊಳ್ಳುವ ಮಾನಿಟರ್‌ಗಳು ‘ಅಪೂರ್ಣ’ ಎಂಬ ಸ್ಥಿತಿಗೆ ಬರುತ್ತವೆ. ಬಿಸಿ, ತಣ್ಣಗೆ, ನಿಧಾನ, ವೇಗ ಎಂದು ಬಗೆಬಗೆಯಾಗಿ ಓಡಿಸಿದ ಮೇಲಷ್ಟೇ ಅವು ಮತ್ತೆ ಪೂರ್ಣವಾಗುವುದು. ಇದೇ ಕಾರಣಕ್ಕೆ ಮಾನಿಟರ್‌ಗಳನ್ನು ನೋಡುವ ಹೊಗೆ ತಪಾಸಣೆಯೊಂದರಿಂದ, ದೀಪ ಆರಿದ್ದರೂ, ನನ್ನನ್ನು ವಾಪಸು ಕಳಿಸಿದ್ದರು.

ಇವೆಲ್ಲಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಪಿ0171ರಂಥ ಕೋಡ್ ಒಮ್ಮೆ ದೋಷ ಕಂಡ ಮಾತ್ರಕ್ಕೆ ದೀಪ ಹತ್ತಿಸುವುದಿಲ್ಲ. ಮೊದಲ ಸಲ ಅದು ‘ಪೆಂಡಿಂಗ್’ ಪಟ್ಟಿಯಲ್ಲಿ ಕೂರುತ್ತದೆ, ಮತ್ತೊಂದು ಓಡಾಟದಲ್ಲಿ ಅದೇ ದೋಷ ಕಂಡರೆ ಆಗ ದೀಪ ಹತ್ತುತ್ತದೆ. ಕಲಿತದ್ದನ್ನೆಲ್ಲ ಸೊನ್ನೆ ಮಾಡಿದ ಮೇಲೆ ಅಷ್ಟು ದೂರ ಬರಲು ನನ್ನ ಕಾರಿಗೆ ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನ ಹೊಸ ಆಕ್ಸಿಜನ್ ಸೆನ್ಸರ್‌ನಿಂದಲೇ ರೋಗ ವಾಸಿಯಾಯಿತೆಂದು ನಾನು ನಂಬಿದ್ದೆ. ಸೆನ್ಸರ್ ಬದಲಿಸದೆ ಬರೀ ಅಳಿಸಿದ್ದರೂ ಆ ಒಂಬತ್ತು ದಿನ ದೀಪ ಆರಿಯೇ ಇರುತ್ತಿತ್ತು. ಹೀಗೆ ಅಳಿಸುವುದು ಸಾಕ್ಷ್ಯವನ್ನು ನಾಶಮಾಡುವುದಷ್ಟೇ ಅಲ್ಲದೆ, ನೀವು ಹಾಕಿದ ಯಾವ ಭಾಗವನ್ನಾದರೂ ಕೆಲವು ದಿನ ಸರಿಯಾದ ಭಾಗವೆಂದು ತೋರಿಸಿಬಿಡುತ್ತದೆ. ಅಳಿಸಿದ ಕೂಡಲೇ ಲೈವ್ ಡೇಟಾ, ಅಂದರೆ ಸೆನ್ಸರ್‌ಗಳ ಆ ಕ್ಷಣದ ಅಳತೆ, ನೋಡಿದ್ದೆನಲ್ಲ ಎಂಬ ಸಮಾಧಾನವೂ ನನಗಿತ್ತು. ಆದರೆ ಎಂಜಿನ್ ಆಗ ತಣ್ಣಗಿತ್ತು. ತಣ್ಣಗಿನ ಎಂಜಿನ್ ಆಕ್ಸಿಜನ್ ಸೆನ್ಸರ್‌ನ ಮಾತು ಕೇಳದೆ, ಓಪನ್ ಲೂಪ್ ಎಂಬ ಸ್ಥಿತಿಯಲ್ಲಿ ಓಡುತ್ತಿರುತ್ತದೆ, ಆಗ ಟ್ರಿಮ್ ಸೊನ್ನೆಯನ್ನೇ ತೋರಿಸುತ್ತದೆ. ಆ ಸೊನ್ನೆಯನ್ನು ನಾನು ಆರೋಗ್ಯವೆಂದು ಓದಿದೆ.

ದೀಪ ಮತ್ತೆ ಹತ್ತಿದಾಗ ಮತ್ತೆ ಅಳಿಸಿ, ಗಾಳಿಯನ್ನು ಅಳೆಯುವ ಎಂಎಎಫ್ ಸೆನ್ಸರ್ ಹಾಕಿಸಿದೆ. ಮೂರನೆಯ ಸಲವೂ ಅಳಿಸಿದ ಮೇಲೆ ಒಬ್ಬ ಹಿರಿಯ ಮೆಕ್ಯಾನಿಕ್‌ರ ಬಳಿ ಹೋದೆ. ಅವರು ಬಾನೆಟ್ ತೆರೆಯುವ ಮೊದಲು ಕೇಳಿದ್ದು, “ಫ್ರೀಜ್ ಫ್ರೇಮಿನಲ್ಲಿ ಏನಿತ್ತು ಸಾರ್?” ಎಂದು. ನನ್ನಲ್ಲಿ ಉತ್ತರವಿರಲಿಲ್ಲ. “ಹಾಗಾದರೆ ಅದು ಮತ್ತೆ ಬರಲಿ, ಬಂದಾಗ ಏನನ್ನೂ ಮುಟ್ಟದೆ ಹಾಗೇ ತನ್ನಿ” ಎಂದು ಹೇಳಿ ಕಳಿಸಿದರು.

ಹಾಗೇ ತಂದೆ. ಆ ಸಲದ ಸಾಲುಗಳನ್ನು ನಾನು ಬರೆದಿಟ್ಟುಕೊಂಡಿದ್ದೇನೆ: ಕೂಲಂಟ್ (ಎಂಜಿನ್ ತಂಪಾಗಿಸುವ ದ್ರವ) 91 ಡಿಗ್ರಿ ಸೆಲ್ಸಿಯಸ್, ಆರ್‌ಪಿಎಂ 740, ವೇಗ 0, ಶಾರ್ಟ್ ಟರ್ಮ್ ಟ್ರಿಮ್ (ಆ ಕ್ಷಣದ ಇಂಧನ ತಿದ್ದುಪಡಿ) ಶೇಕಡಾ +9, ಲಾಂಗ್ ಟರ್ಮ್ +22. ಎಂಜಿನ್ ಬಿಸಿಯಾಗಿದೆ, ಕಾರು ನಿಂತಿದೆ, ಐಡಲ್‌ನಲ್ಲಿದೆ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುತ್ತಿದೆ, ಲೆಕ್ಕಕ್ಕಿಂತ ಸುಮಾರು ಶೇಕಡಾ 31ರಷ್ಟು ಹೆಚ್ಚು ಪೆಟ್ರೋಲ್ ಸುರಿಯಬೇಕಾಗಿ ಬಂದಿದೆ. ಎರಡನ್ನೂ ಕೂಡಿಸಿದ ಸಂಖ್ಯೆ ಸೊನ್ನೆಯಿಂದ 10ರೊಳಗೆ ಆಚೀಚೆ ಇದ್ದರೆ ಚಿಂತೆಯಿಲ್ಲ. ಇದು ಅದರ ಮೂರು ಪಟ್ಟು. ಅವರು ಆಕ್ಸಿಲರೇಟರನ್ನು ನಿಧಾನವಾಗಿ ಒತ್ತಿ 2500 ಆರ್‌ಪಿಎಂನಲ್ಲಿ ಹಿಡಿದರು. ಮೊತ್ತ +6ಕ್ಕೆ ಇಳಿಯಿತು. “ಎಲ್ಲೋ ಗಾಳಿ ಎಳೆಯುತ್ತಿದೆ” ಎಂದರು, ಅಷ್ಟೇ.

ಅದರ ತರ್ಕ ಸರಳವಾಗಿದೆ, ಆದರೆ ಕೋಡ್‌ನಲ್ಲಿ ಅದು ಬರೆದಿರುವುದಿಲ್ಲ. ಐಡಲ್‌ನಲ್ಲಿ ಗಾಳಿಯ ಕವಾಟವಾದ ಥ್ರಾಟಲ್ ಬಹುಪಾಲು ಮುಚ್ಚಿರುವುದರಿಂದ ಸಿಲಿಂಡರ್‌ಗಳಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡ್‌ನ ಒಳಗಿನ ಎಳೆತ ಜೋರಾಗಿರುತ್ತದೆ, ಎಂಜಿನ್‌ಗೆ ಹೋಗುವ ಒಟ್ಟು ಗಾಳಿಯೂ ಕಡಿಮೆ. ಆಗ ಬಿರುಕಿನಿಂದ ನುಗ್ಗುವ, ಎಂಎಎಫ್ ಸೆನ್ಸರ್ ಅಳೆಯದ ಗಾಳಿ ದೊಡ್ಡ ಪಾಲಾಗುತ್ತದೆ. ಎಂಜಿನ್ ವೇಗ ಹೆಚ್ಚಿದಾಗ ಒಟ್ಟು ಗಾಳಿ ಹೆಚ್ಚಿ ಅದೇ ಸೋರಿಕೆಯ ಪಾಲು ಸಣ್ಣದಾಗುತ್ತದೆ. ಒಂದು ವೇಳೆ ಐಡಲ್‌ನಲ್ಲಿ ಸರಿಯಿದ್ದು ಹೊರೆ ಹೆಚ್ಚಿದಂತೆ ಟ್ರಿಮ್ ಏರುತ್ತಿದ್ದರೆ, ನೋಡಬೇಕಾದದ್ದು ಇಂಧನದ ಪಂಪು, ಫಿಲ್ಟರ್ ಅಥವಾ ಕೊಳೆಯಾದ ಎಂಎಎಫ್. ಕೋಡ್ ಎರಡಕ್ಕೂ ಒಂದೇ, ಪಿ0171. ಯಾವ ದಿಕ್ಕಿಗೆ ಹೋಗಬೇಕೆಂದು ಹೇಳುತ್ತಿದ್ದದ್ದು ನಾನು ಮೂರು ಸಲ ಅಳಿಸಿದ ಆ ಐದಾರು ಸಾಲುಗಳು ಮಾತ್ರ.

ಬಿರುಕು ಇದ್ದದ್ದು ಎಂಜಿನ್ ಒಳಗಿನ ಆವಿಯನ್ನು ಮತ್ತೆ ಇನ್‌ಟೇಕ್‌ಗೆ ಒಯ್ಯುವ ಪಿಸಿವಿ ರಬ್ಬರ್ ಪೈಪಿನ ಮೊಣಕೈಯಂಥ ಬಾಗಿನ ಕೆಳಭಾಗದಲ್ಲಿ. ಮೇಲಿನಿಂದ ನೋಡಿದರೆ ಪೈಪು ಹೊಸದರಂತೆಯೇ ಇತ್ತು. ಬೆರಳಿನಿಂದ ಬಾಗಿಸಿದಾಗ ಮಾತ್ರ ಉಗುರಿನಷ್ಟು ಉದ್ದದ ಸೀಳು ಬಾಯಿಬಿಡುತ್ತಿತ್ತು. ಅವರು ಸ್ಕ್ಯಾನರನ್ನು ನನ್ನ ಕೈಗೆ ಕೊಟ್ಟು, ಎಂಜಿನ್ ಓಡುತ್ತಿರುವಾಗಲೇ ಹೆಬ್ಬೆರಳಿನಿಂದ ಆ ಸೀಳನ್ನು ಅದುಮಿ ಹಿಡಿದರು. ಅದುವರೆಗೆ ಎಂಜಿನ್ ಸದ್ದಿನೊಳಗೆ ಬೆರೆತು ನಮಗೆ ತಿಳಿಯದಿದ್ದ ಸಣ್ಣ ‘ಸ್ಸ್’ ಸದ್ದು ಥಟ್ಟನೆ ನಿಂತಿತು. ಪರದೆಯ ಮೇಲೆ ಶಾರ್ಟ್ ಟರ್ಮ್ +9ರಿಂದ ಇಳಿಯುತ್ತಾ, ಸೊನ್ನೆ ದಾಟಿ -14ಕ್ಕೆ ಬಂತು. ಲಾಂಗ್ ಟರ್ಮ್ ಇನ್ನೂ ಹಳೆಯ ಅಭ್ಯಾಸದಿಂದ ಹೆಚ್ಚು ಪೆಟ್ರೋಲ್ ಕೊಡುತ್ತಿದ್ದುದರಿಂದ ಅದು ಅಷ್ಟನ್ನು ಕಡಿತಗೊಳಿಸಬೇಕಾಗಿತ್ತು. ಬೆರಳು ತೆಗೆದರೆ ಮತ್ತೆ ಏರಿತು. ಹಳೆಯ ಆಕ್ಸಿಜನ್ ಸೆನ್ಸರ್ ಮೊದಲಿನಿಂದಲೂ ನಿಜವನ್ನೇ ಹೇಳುತ್ತಿತ್ತು. ಪೆಟ್ರೋಲ್ ಸಾಲದು ಎಂದ ತಪ್ಪಿಗೆ ನಾನು ಅದನ್ನೇ ಕಿತ್ತು ಹಾಕಿದ್ದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಯಾವ ಭಾಗ ಬದಲಿಸಬೇಕೆಂದು ಸ್ಕ್ಯಾನರ್ ಹೇಳುತ್ತದೆ ಎಂಬ ನಿಮ್ಮ ನಂಬಿಕೆಯನ್ನು ನಾನು ಒಪ್ಪುವುದಿಲ್ಲ; ಎಷ್ಟೇ ದುಬಾರಿ ಸ್ಕ್ಯಾನರ್ ಕೊಂಡರೂ ಅದು ಹಾಗೆ ಹೇಳುವುದಿಲ್ಲ. ಈ 16 ಪಿನ್‌ಗಳ ವ್ಯವಸ್ಥೆ, ಅಂದರೆ ಓಬಿಡಿ-2, ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದಲೂ, ಅದರ ಯುರೋಪಿನ ರೂಪ ಅಲ್ಲಿಯ ಪೆಟ್ರೋಲ್ ಕಾರುಗಳಲ್ಲಿ 2001ರಿಂದಲೂ ಕಡ್ಡಾಯವಾದದ್ದು ಹೊಗೆಯ ಮಾಲಿನ್ಯವನ್ನು ಹಿಡಿತದಲ್ಲಿಡಲು. ಆದ್ದರಿಂದ ಅದು ಅಳತೆ ಮಿತಿ ಮೀರಿದೆ ಎನ್ನುತ್ತದೆಯೇ ಹೊರತು, ಏಕೆ ಮೀರಿತೆಂದು ಹೇಳುವುದಿಲ್ಲ. ಸೆನ್ಸರ್‌ನ ಹೆಸರೇ ಇರುವ ಕೋಡ್‌ಗಳಿಗೂ ಇದು ಅನ್ವಯಿಸುತ್ತದೆ: ಪಿ0135 ಎಂದರೆ ಆಕ್ಸಿಜನ್ ಸೆನ್ಸರ್‌ನ ಹೀಟರ್ ‘ಸರ್ಕ್ಯೂಟ್’ನಲ್ಲಿ ದೋಷ, ಅದರಲ್ಲಿ ಫ್ಯೂಸ್, ವೈರು, ಕನೆಕ್ಟರ್ ಎಲ್ಲವೂ ಸೇರಿವೆ. ಕನ್ವರ್ಟರ್ ಸಾಕಷ್ಟು ಕೆಲಸ ಮಾಡುತ್ತಿಲ್ಲ ಎನ್ನುವ ಪಿ0420 ಬಂದಾಗ ಕ್ಯಾಟಲಿಟಿಕ್ ಕನ್ವರ್ಟರನ್ನೇ ಬದಲಿಸಿಬಿಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅದಕ್ಕೂ ಮೊದಲು ಎಕ್ಸಾಸ್ಟ್ ಪೈಪಿನ ಸೋರಿಕೆಯನ್ನೂ, ಎಂಜಿನ್‌ನ ಮಿಸ್‌ಫೈರನ್ನೂ (ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದಿರುವುದು) ನೋಡಬೇಕು.

ಹಾಗಾಗಿ ದುಬಾರಿಯದು ಬೇಡ. ನಿಮ್ಮಲ್ಲಿರುವ ಸ್ಕ್ಯಾನರ್ ಲೈವ್ ಡೇಟಾ, ಫ್ರೀಜ್ ಫ್ರೇಮ್, ಪೆಂಡಿಂಗ್ ಕೋಡ್, ಮಾನಿಟರ್ ಸ್ಥಿತಿ ಈ ನಾಲ್ಕನ್ನೂ ತೋರಿಸಿದರೆ ಎಂಜಿನ್ ದೀಪದ ಮಟ್ಟಿಗೆ ಸಾಕು. ಬರೀ ಕೋಡ್ ಓದಿ ಅಳಿಸುವ ಸಾಧನವಾದರೆ ಅದನ್ನು ಹಿಂದಿರುಗಿಸಿ. ನನ್ನ ತಪ್ಪನ್ನು ಸುಲಭವಾಗಿ ಮಾಡಿಸುವುದೇ ಅದರ ಕೆಲಸ. ಎಬಿಎಸ್, ಏರ್‌ಬ್ಯಾಗ್‌ಗಳ ಕೋಡ್ ಓದಲು ತಯಾರಕರ ಪ್ರೋಟೋಕಾಲ್ ತಿಳಿದ ದೊಡ್ಡ ಸ್ಕ್ಯಾನರ್ ಬೇಕು ನಿಜ, ಆದರೆ ಆರಂಭದಲ್ಲೇ ಅವುಗಳ ಗೋಜಿಗೆ ಹೋಗಬೇಡಿ, ಏರ್‌ಬ್ಯಾಗ್‌ನ ವೈರನ್ನಂತೂ ಮುಟ್ಟಲೇಬೇಡಿ. ಉಳಿಸಿದ ಹಣದಲ್ಲಿ ವೋಲ್ಟೇಜ್, ರೆಸಿಸ್ಟೆನ್ಸ್ ಅಳೆಯುವ ಒಳ್ಳೆಯ ಮಲ್ಟಿಮೀಟರ್ ಕೊಳ್ಳಿ. ಸ್ಕ್ಯಾನರ್ ಅನುಮಾನಪಟ್ಟದ್ದನ್ನು ಖಚಿತಪಡಿಸುವುದು ಬಹಳ ಸಲ ಅದೇ.

ಇಂದೇ ಮಾಡಬೇಕಾದದ್ದು ಇಷ್ಟು. ಕೀಲಿಯನ್ನು ಆನ್ ಮಾಡಿ, ಕೋಡ್, ಪೆಂಡಿಂಗ್ ಕೋಡ್, ಫ್ರೀಜ್ ಫ್ರೇಮಿನ ಪ್ರತಿಯೊಂದು ಪುಟ, ಮಾನಿಟರ್‌ಗಳ ಸ್ಥಿತಿ, ಎಲ್ಲವನ್ನೂ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಆಮೇಲೆ ಎಂಜಿನ್ ಚಾಲೂ ಮಾಡಿ, ಕೂಲಂಟ್ 80 ಡಿಗ್ರಿ ದಾಟುವವರೆಗೆ ಕಾದು, ಐಡಲ್‌ನಲ್ಲಿ ಒಮ್ಮೆ, 2500 ಆರ್‌ಪಿಎಂನಲ್ಲಿ ಒಮ್ಮೆ ಎರಡೂ ಟ್ರಿಮ್‌ಗಳನ್ನು ಬರೆದುಕೊಳ್ಳಿ. ಗಾಡಿ ಗಾಳಿಯಾಡುವ ಬಯಲಿನಲ್ಲಿರಲಿ, ತೋಳಿನ ಬಟ್ಟೆ ಬೆಲ್ಟು ಫ್ಯಾನುಗಳಿಂದ ದೂರವಿರಲಿ. ಸೋರಿಕೆ ಹುಡುಕಲು ಬಿಸಿ ಎಂಜಿನ್ ಮೇಲೆ ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಅದಕ್ಕೆ ಬೆಂಕಿ ಹತ್ತುತ್ತದೆ. ದೀಪ ಸ್ಥಿರವಾಗಿ ಉರಿಯದೆ ಮಿನುಗುತ್ತಿದ್ದರೆ ಮಾತ್ರ ಇದಾವುದೂ ಬೇಡ. ಅದು ತೀವ್ರ ಮಿಸ್‌ಫೈರ್‌ನ ಸೂಚನೆ, ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗಬಹುದು, ಓಡಿಸುವುದನ್ನೇ ನಿಲ್ಲಿಸಿ.

ದೋಷ ಸಿಕ್ಕಿ, ಸರಿಮಾಡಿ ಮುಗಿದ ಮೇಲೆ ಅಳಿಸಿ, ಅದೂ ಒಂದೇ ಸಲ. ನಂತರದ ವಾರದಲ್ಲಿ ದೀಪವನ್ನು ನಂಬದೆ ಟ್ರಿಮ್ ಮತ್ತು ಪೆಂಡಿಂಗ್ ಪಟ್ಟಿಯನ್ನು ನೋಡುತ್ತಿರಿ. ಮಾನಿಟರ್‌ಗಳು ಪೂರ್ಣವಾಗಿ, ಪೆಂಡಿಂಗ್ ಖಾಲಿ ಇದ್ದರೆ ಆಗ ಸರಿಯಾಯಿತೆಂದು ಹೇಳಬಹುದು.

ನಿಮಗೆ ಬಂದ ಕೋಡ್ ಯಾವುದೆಂದು ನೀವು ಬರೆದಿಲ್ಲ. ಅದನ್ನೂ, ಫ್ರೀಜ್ ಫ್ರೇಮಿನ ಸಾಲುಗಳನ್ನೂ, ನಿಮ್ಮ ಎಂಜಿನ್‌ನಲ್ಲಿ ಎಂಎಎಫ್ ಸೆನ್ಸರ್ ಇದೆಯೋ ಅಥವಾ ಮ್ಯಾನಿಫೋಲ್ಡ್ ಒತ್ತಡವನ್ನು ಅಳೆಯುವ ಎಂಎಪಿ ಮಾತ್ರ ಇದೆಯೋ ಎಂಬುದನ್ನೂ ಇಲ್ಲಿ ಹಾಕಿ. ಎಂಎಪಿ ಮಾತ್ರ ಇರುವ ಎಂಜಿನ್‌ನಲ್ಲಿ ಗಾಳಿ ಸೋರಿಕೆ ಟ್ರಿಮ್‌ನಲ್ಲಿ ನಾನು ಹೇಳಿದಂತೆ ಕಾಣಿಸಿಕೊಳ್ಳುವುದಿಲ್ಲ, ಅಲ್ಲಿ ಐಡಲ್ ವೇಗವೇ ಏರಬಹುದು. ಹಾಗಿದ್ದರೆ ಬೇರೆ ರೀತಿಯಲ್ಲಿ ಹುಡುಕಬೇಕಾಗುತ್ತದೆ, ಅದನ್ನು ಬರೆದು ತಿಳಿಸುತ್ತೇನೆ.