ಮೂರು ಕಾಯಿಲೆಗೆ ಇಷ್ಟು ದಣಿವೇಕೆ?

ಸಿಂಧನೂರು ತಾಲ್ಲೂಕಿನಿಂದ ಪತ್ರ ಬರೆದ ಓದುಗರಿಗೆ ನಮಸ್ಕಾರ. ಸಕ್ಕರೆ ಕಾಯಿಲೆ, ಥೈರಾಯ್ಡ್, ಮೊಣಕಾಲು ನೋವು ಇರುವ ತಮ್ಮ ತಾಯಿಯವರು ‘ಈ ಗುಳಿಗಿ ಸಾಕಾಗ್ಯಾವ’ ಎಂದು ದಿನವೂ ನೊಂದುಕೊಳ್ಳುತ್ತಾರೆ. ಶುಗರ್, ಬಿಪಿ, ಕೊಲೆಸ್ಟ್ರಾಲ್, ಹೃದ್ರೋಗ ಹೀಗೆ ನಾಲ್ಕು ಇದ್ದರೂ ಪಕ್ಕದ ಮನೆಯ ಹಿರಿಯರು ನಿರಾಳವಾಗಿದ್ದಾರೆ. ತಾಯಿಯವರಿಗೆ ಮನೋಬಲವೇ ಕಡಿಮೆಯೇ ಎಂದು ತಾವು ಕೇಳಿದ್ದೀರಿ. ಅಲ್ಲವೆಂದೇ ನಮ್ಮ ಉತ್ತರ.

ಹಿರಿಯರ ನಾಲ್ಕೂ ಕಾಯಿಲೆಗಳು ಒಂದೇ ದಿಕ್ಕಿನವು. ಉಪ್ಪು, ಎಣ್ಣೆ ಕಡಿಮೆ ಮಾಡಿ ನಡೆದಾಡಿದರೆ ನಾಲ್ಕಕ್ಕೂ ಅನುಕೂಲ, ಬಹುಮಟ್ಟಿಗೆ ಒಬ್ಬರೇ ವೈದ್ಯರು ಎಲ್ಲವನ್ನೂ ನೋಡಬಲ್ಲರು. ತಾಯಿಯವರ ಮೂರು ಹಾಗಲ್ಲ. ಥೈರಾಯ್ಡ್ ಗುಳಿಗೆಯನ್ನು ಚಹಾಕ್ಕೂ ಮೊದಲೇ ಖಾಲಿ ಹೊಟ್ಟೆಯಲ್ಲಿ ನುಂಗಬೇಕು. ಮೂಳೆಗೆಂದು ಕ್ಯಾಲ್ಸಿಯಂ ಕೊಟ್ಟಿದ್ದರೆ ಅದಕ್ಕೆ ನಾಲ್ಕು ತಾಸಿನ ಅಂತರವಿರಬೇಕು. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಗುಳಿಗೆ ಊಟದ ಜೊತೆಗೇ ಆಗಬೇಕು. ಶುಗರ್‌ಗೆ ನಡೆಯಿರಿ ಎಂಬ ಸಲಹೆಯನ್ನು ಮೊಣಕಾಲು ಒಪ್ಪುವುದಿಲ್ಲ. ಆ ನೋವಿಗೆ ಡೈಕ್ಲೋಫೆನಾಕ್‌ನಂಥ ಗುಳಿಗೆಯನ್ನು ಬಹುಕಾಲ ನುಂಗಿದರೆ, ಸಕ್ಕರೆ ಕಾಯಿಲೆಯಿಂದ ಮೊದಲೇ ಅಪಾಯದಲ್ಲಿರುವ ಮೂತ್ರಪಿಂಡಕ್ಕೆ ಮತ್ತಷ್ಟು ಪೆಟ್ಟು. ಇದೆಲ್ಲದರ ಮೇಲೆ, ಬಿಪಿ ಸಾಮಾನ್ಯವಾಗಿ ನೋಯುವುದಿಲ್ಲ, ಮೊಣಕಾಲು ಪ್ರತಿ ಹೆಜ್ಜೆಗೂ ನೋಯುತ್ತದೆ.

2005ರಲ್ಲಿ ಅಮೆರಿಕದ ವೈದ್ಯೆ ಸಿಂಥಿಯಾ ಬಾಯ್ಡ್ ಮತ್ತು ಸಂಗಡಿಗರು ಐದು ದೀರ್ಘಕಾಲದ ಕಾಯಿಲೆಗಳಿರುವ 79 ವರ್ಷದ ಮಹಿಳೆಯೊಬ್ಬರನ್ನು ಕಲ್ಪಿಸಿಕೊಂಡು, ಒಂದೊಂದು ಕಾಯಿಲೆಗೆ ವೈದ್ಯರು ಅನುಸರಿಸುವ ಚಿಕಿತ್ಸಾ ಮಾರ್ಗಸೂಚಿಯನ್ನೂ ತಪ್ಪದೆ ಅನ್ವಯಿಸಿ ನೋಡಿದರು. ಆಕೆಯ ಪಾಲಿಗೆ ಬಂದದ್ದು 12 ಔಷಧಗಳು, ದಿನಕ್ಕೆ 19 ಡೋಸ್. ಯಾವ ಮಾರ್ಗಸೂಚಿಯನ್ನೂ ಪ್ರತ್ಯೇಕವಾಗಿ ತಪ್ಪೆನ್ನುವಂತಿರಲಿಲ್ಲ. ಆದರೆ ಎಲ್ಲವೂ ಸೇರಿ ಒಬ್ಬರ ದಿನವನ್ನು ಏನು ಮಾಡುತ್ತವೆಂದು ಯಾರೂ ಕೂಡಿಸಿ ನೋಡಿರಲಿಲ್ಲ.

ಇನ್ನು ನಮ್ಮ ಭಾಗದ ಮಾತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ತಾಯಿಯವರಿಗೆ ಸರ್ಕಾರಿ ಬಸ್ಸು ಉಚಿತ, ನಿಜ. ಆದರೆ ಜೊತೆಗೆ ಬರುವ ಮಗನಿಗೆ ಟಿಕೆಟ್ಟೂ ಉಂಟು, ಆ ದಿನದ ಕೂಲಿಯ ನಷ್ಟವೂ ಉಂಟು, ಮತ್ತು ಅದನ್ನು ತಾಯಿ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿರುತ್ತಾರೆ. ಅನ್ನ ಕಡಿಮೆ ಮಾಡಿ ಎಂದು ಹೇಳುವುದು ಸುಲಭ. ತುಂಗಭದ್ರಾ ಕಾಲುವೆಯ ನೀರು ಬಂದಮೇಲೆ ಭತ್ತವೇ ಪ್ರಧಾನವಾದ ಸೀಮೆಯಲ್ಲಿ, ಮನೆಮಂದಿ ಅನ್ನ ಉಣ್ಣುವಾಗ ಒಬ್ಬರಿಗಾಗಿ ಜೋಳದ ರೊಟ್ಟಿ ಬಡಿಯುವವರು ಯಾರು? ಅನೇಕ ಮನೆಗಳಲ್ಲಿ ಆ ರೋಗಿಯೇ. ಮನಸ್ಸಿನ ಖಿನ್ನತೆ ಈ ಹೊರೆಯನ್ನು ಹೆಚ್ಚಿಸುತ್ತದೆ, ಹೊರೆಯೂ ಖಿನ್ನತೆಯನ್ನು ಹೆಚ್ಚಿಸುತ್ತದೆ. ನಿದ್ದೆ, ಊಟ, ಮಾತು ಕಡಿಮೆಯಾಗಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಬೇಕು.

ತಾವಾಗಿ ಯಾವ ಗುಳಿಗೆಯನ್ನೂ ನಿಲ್ಲಿಸಬೇಡಿ. ಮನೆಯಲ್ಲಿರುವ ಎಲ್ಲ ಗುಳಿಗೆಗಳನ್ನೂ ವೈದ್ಯರ ಚೀಟಿಗಳನ್ನೂ, ಅಂಗಡಿಯಿಂದ ತಾವೇ ತಂದ ನೋವಿನ ಗುಳಿಗೆಯನ್ನೂ ಸೇರಿಸಿ, ಒಂದೇ ಚೀಲದಲ್ಲಿ ಒಬ್ಬ ಫಿಜಿಷಿಯನ್ ಬಳಿ ಒಯ್ದು, ಯಾವುದನ್ನು ಬಿಡಬಹುದು, ಯಾವ ರಕ್ತಪರೀಕ್ಷೆಗಳನ್ನು ಒಂದೇ ದಿನಕ್ಕೆ ತರಬಹುದು ಎಂದು ಕೇಳಿ. ಹೋಗುವ ಮುನ್ನ, ಇದರಲ್ಲಿ ಯಾವುದು ಹೆಚ್ಚು ಸಾಕೆನಿಸಿದೆ ಎಂದು ತಾಯಿಯವರನ್ನೇ ವಿಚಾರಿಸಿ. ಅದು ಗುಳಿಗೆಯೇ ಆಗಿರಬೇಕೆಂದಿಲ್ಲ. ಅವರು ಏನು ಹೇಳುತ್ತಾರೋ ಅದನ್ನೇ ವೈದ್ಯರ ಮುಂದೆ ಮೊದಲು ಇಡಿ.